ಮೂರು ವರ್ಷದಲ್ಲಿ ನನಗೆ ನಾಲ್ಕು ಸಲ ಮಲೇರಿಯಾ, ಜತೆಗಿರುವವನಿಗೆ ಜ್ವರವೇ ಇಲ್ಲ. ಇಲ್ಲಿಯವರ ರಕ್ತದಲ್ಲಿ ಏನಿದೆ?

ಕತ್ತಾಳೆ ಮೆಕ್ಯಾನಿಕ್ · ಶನಿವಾರ ರಾತ್ರಿ 8:40

ಎಲ್ಲರಿಗೂ ನಮಸ್ಕಾರ. ನನ್ನ ಊರು ಕುಂದಾಪುರದ ಹತ್ತಿರ. ಮೂರು ವರ್ಷದಿಂದ ಟಾಂಜಾನಿಯಾದಲ್ಲಿದ್ದೇನೆ. ಟಾಂಗಾ ಪ್ರಾಂತ್ಯದ ಮುಹೇಜಾ ಕಡೆ ಒಂದು ಕತ್ತಾಳೆ ತೋಟ. ಅಲ್ಲಿ ನಾರು ತೆಗೆಯುವ ಯಂತ್ರಗಳ ರಿಪೇರಿ ನನ್ನ ಕೆಲಸ.

ಕಳೆದ ಮಂಗಳವಾರ ಮಧ್ಯಾಹ್ನ ಊಟಕ್ಕೆ ಕೂತಿದ್ದೆ, ಬೆನ್ನಲ್ಲಿ ಚಳಿ ಎದ್ದಿತು. ಹೊರಗೆ ಬೆಂಕಿಯಂಥ ಬಿಸಿಲು. ಎರಡು ಕಂಬಳಿ ಹೊದ್ದರೂ ಹಲ್ಲು ಕಟಕಟ. ಕ್ಲಿನಿಕ್‌ನಲ್ಲಿ ಬೆರಳು ಚುಚ್ಚಿ ಒಂದು ಹನಿ ರಕ್ತವನ್ನು ಕಿಟ್ ಮೇಲೆ ಬಿಟ್ಟರು. ಎರಡು ಗೆರೆ ಬಂತು. ಇದು ನಾಲ್ಕನೇ ಸಲ.

ನಾನು ಕೇಳಬೇಕೆಂದಿರುವುದು ನನ್ನ ಜ್ವರದ ಬಗ್ಗೆ ಅಲ್ಲ. ಮರುದಿನ ಕ್ಲಿನಿಕ್‌ನವರು ತೋಟಕ್ಕೇ ಬಂದು ನಮ್ಮ ಶೆಡ್ಡಿನ ಎಲ್ಲರನ್ನೂ ಪರೀಕ್ಷಿಸಿದರು. ನಮ್ಮ ಸೂಪರ್‌ವೈಸರ್‌ಗೂ ಎರಡು ಗೆರೆ! ಅವನು ಇಲ್ಲೇ ಹುಟ್ಟಿ ಬೆಳೆದವನು, ವಯಸ್ಸು ನಲವತ್ತರ ಹತ್ತಿರ. ಜ್ವರ ಇಲ್ಲ, ತಲೆನೋವಿಲ್ಲ. ಬೆಳಗ್ಗೆಯಿಂದ ನಾರಿನ ಕಟ್ಟು ಹೊತ್ತು ಲಾರಿಗೆ ಹಾಕುತ್ತಿದ್ದ. ಬಂದು ನನಗೇ "ಪೋಲೆ ಸಾನಾ" ಎಂದು ಸಮಾಧಾನ ಹೇಳಿದ.

ಇಲ್ಲಿಯವರ ರಕ್ತವೇ ಗಟ್ಟಿಯಾ? ಹುಟ್ಟಿನಿಂದಲೇ ಹಾಗಾ? ಅವರ ಮೈಯಲ್ಲಿ ಇಂಥದ್ದೊಂದು ಶಕ್ತಿ ಇದೆ ಅಂದಮೇಲೆ ಅದನ್ನೇ ನೋಡಿ ಲಸಿಕೆ ಮಾಡಲು ಇಷ್ಟು ವರ್ಷ ಏಕೆ ಬೇಕಾಯಿತು? ಇನ್ನೊಂದು ಪ್ರಶ್ನೆ, ನಾನು ಇಲ್ಲಿ ಹತ್ತು ವರ್ಷ ಉಳಿದರೆ ನನಗೂ ಅದು ಬರುತ್ತದಾ? ತಿಳಿದವರು ಹೇಳಿ.

ಮಂಗಳೂರು ಮಳೆ · 8:52

ಮೊದಲು ಮಾತ್ರೆಯ ಕೋರ್ಸ್ ಮುಗಿಸಿ ಮಾರಾಯ್ರೆ. ಆರಾಮ ಅನ್ನಿಸಿತು ಅಂತ ನಡುವೆ ಬಿಡಬೇಡಿ.

ಘಟ್ಟದ ಮೇಲಿನವ · 9:05

ಉತ್ತರ ಸುಲಭ. ಆಫ್ರಿಕಾದವರಿಗೆ ಕುಡುಗೋಲು ಕಣ ಇರುತ್ತದೆ, ಕೆಂಪು ರಕ್ತಕಣ ಕುಡುಗೋಲಿನ ಹಾಗೆ ಬಾಗಿರುತ್ತದೆ. ಅದರೊಳಗೆ ಮಲೇರಿಯಾ ಬೆಳೆಯುವುದಿಲ್ಲ. ಹುಟ್ಟಿನಿಂದಲೇ ಬಂದದ್ದು.

ಸೂಕ್ಷ್ಮದರ್ಶಕ · 9:41

@ಘಟ್ಟದ ಮೇಲಿನವ ಅರ್ಧ ಸರಿ ಸರ್. ಆದರೆ ಈ ಸೂಪರ್‌ವೈಸರ್ ಕತೆಗೆ ಅದು ಉತ್ತರ ಆಗಲಾರದು. ನಾನು ಬೆಂಗಳೂರಿನಲ್ಲಿ ಪರಾವಲಂಬಿ ಜೀವಿಗಳ ಮೇಲೆ ಕೆಲಸ ಮಾಡುವ ಲ್ಯಾಬ್‌ನಲ್ಲಿದ್ದೇನೆ, ಗೊತ್ತಿದ್ದಷ್ಟು ಹೇಳುತ್ತೇನೆ.

ಕುಡುಗೋಲು ಕಣದ ಜೀನ್ ಮಲೇರಿಯಾದಿಂದ ಕಾಪಾಡುತ್ತದೆ ಎಂದು 1954ರಲ್ಲಿ ಆಂಥನಿ ಆಲಿಸನ್ ಪೂರ್ವ ಆಫ್ರಿಕಾದಲ್ಲಿ ಕೆಲಸ ಮಾಡಿ ತೋರಿಸಿದರು. ಅಪ್ಪ ಅಮ್ಮ ಇಬ್ಬರಲ್ಲಿ ಒಬ್ಬರಿಂದ ಮಾತ್ರ ಆ ಜೀನ್ ಬಂದರೆ ಮಗುವಿಗೆ ತೀವ್ರ ಮಲೇರಿಯಾದ ಅಪಾಯ ತುಂಬಾ ಕಡಿಮೆ, ನೂರಕ್ಕೆ 90ರಷ್ಟು ಕಡಿಮೆ. ಇಬ್ಬರಿಂದಲೂ ಬಂದರೆ ಅದೇ ಒಂದು ಜೀವಮಾನದ ಕಾಯಿಲೆ. ಅದು ಆಫ್ರಿಕಾದ್ದು ಮಾತ್ರವೂ ಅಲ್ಲ. ನೀಲಗಿರಿಯ ಆದಿವಾಸಿಗಳಲ್ಲಿ 1952ರಲ್ಲೇ ಕಂಡುಬಂದಿತ್ತು.

ಇಂಥವು ಇನ್ನೂ ಇವೆ. ಪಶ್ಚಿಮ ಆಫ್ರಿಕಾದ ಬಹುತೇಕ ಜನರ ರಕ್ತಕಣದ ಮೇಲೆ ಡಫಿ ಎಂಬ ಗುರುತು ಇರುವುದಿಲ್ಲ. ನಮ್ಮ ಮಂಗಳೂರಲ್ಲಿ ಜಾಸ್ತಿ ಕಾಣುವ ವೈವಾಕ್ಸ್ ಮಲೇರಿಯಾಗೆ ಒಳಗೆ ಹೋಗಲು ಆ ಗುರುತೇ ಬಾಗಿಲು. ಬಾಗಿಲೇ ಇಲ್ಲದ ಕಡೆ ಅದು ಹೆಚ್ಚು ಕಡಿಮೆ ನುಗ್ಗಲಾರದು. ಕೆನ್ಯಾದ ಕಿಲಿಫಿಯಲ್ಲಿ ಡಾಂಟು ಎಂಬ ರಕ್ತದ ಗುಂಪು ಇದೆ. ಅವರ ರಕ್ತಕಣದ ಪೊರೆ ಬಿಗಿ, ತಮಟೆಯ ಚರ್ಮದ ಹಾಗೆ. ಪರಾವಲಂಬಿಗೆ ಅದನ್ನು ತೂರಿ ಒಳಗೆ ಹೋಗುವುದು ಕಷ್ಟ.

ಆದರೆ ಟಾಂಜಾನಿಯಾದ ಬಹುಪಾಲು ಜನರಿಗೆ ಕುಡುಗೋಲು ಕಣದ ಜೀನ್ ಆಗಲಿ ಡಾಂಟು ಆಗಲಿ ಇಲ್ಲದಿದ್ದರೂ ದೊಡ್ಡವರಾದ ಮೇಲೆ ಮಲೇರಿಯಾ ಅವರನ್ನು ಮಲಗಿಸುವುದಿಲ್ಲ. ಅದು ಹುಟ್ಟಿನಿಂದ ಬಂದದ್ದಲ್ಲ, ಮೈ ಕಲಿತದ್ದು. 1900ರ ಸುಮಾರಿಗೇ ರಾಬರ್ಟ್ ಕಾಖ್ ಜಾವಾ, ನ್ಯೂಗಿನಿ ಕಡೆ ಹೋಗಿ ರಕ್ತ ನೋಡಿದಾಗ ಚಿಕ್ಕ ಮಕ್ಕಳ ರಕ್ತದಲ್ಲಿ ಪರಾವಲಂಬಿ ತುಂಬಾ, ದೊಡ್ಡವರಲ್ಲಿ ತೀರಾ ಕಡಿಮೆ ಕಂಡಿತ್ತು.

ಲ್ಯಾಬ್ ತಂಗಿ · 9:58

ಒಂದು ಚಿಕ್ಕ ತಿದ್ದುಪಡಿ. ಕಿಟ್‌ನಲ್ಲಿ ಎರಡು ಗೆರೆ ಬಂತು ಅಂದರೆ ಪರಾವಲಂಬಿ ಈಗಲೇ ರಕ್ತದಲ್ಲಿದೆ ಎಂದು ಖಂಡಿತ ಹೇಳಲಾಗುವುದಿಲ್ಲ. ಹಳೆಯ ಸೋಂಕಿನ ಪ್ರೋಟೀನ್ ಕೆಲವು ವಾರ ಉಳಿದರೂ ಗೆರೆ ಬರುತ್ತದೆ. ನಾನು ದಿನಾ ಗಾಜಿನ ಮೇಲೆ ರಕ್ತ ಸವರಿ, ಬಣ್ಣ ಹಾಕಿ ನೋಡುವವಳು. ಉಂಗುರದಂಥ ಪರಾವಲಂಬಿ ಕಣ್ಣಿಗೆ ಕಂಡರೆ ಮಾತ್ರ ನನಗೆ ಸಮಾಧಾನ.

ಕತ್ತಾಳೆ ಮೆಕ್ಯಾನಿಕ್ · 10:03

@ಲ್ಯಾಬ್ ತಂಗಿ ಗಾಜಿನ ಮೇಲೂ ನೋಡಿದರು. "ಇದೆ, ಸ್ವಲ್ಪ ಇದೆ" ಅಂದರು. ಅವನಿಗೂ ಮಾತ್ರೆ ಕೊಟ್ಟರು.

@ಸೂಕ್ಷ್ಮದರ್ಶಕ ಮೈ ಕಲಿಯುತ್ತದೆ ಅಂದಿರಲ್ಲ. ದಡಾರಕ್ಕೆ ಒಂದು ಸಲ ಬಂದರೆ ಸಾಕು, ಮತ್ತೆ ಬರುವುದಿಲ್ಲ. ಇದಕ್ಕೆ ಏಕೆ ವರ್ಷಗಟ್ಟಲೆ ಬೇಕು?

ಸೂಕ್ಷ್ಮದರ್ಶಕ · 10:35

ನೀವು ಕುಂದಾಪುರದವರು, ಯಕ್ಷಗಾನ ನೋಡಿರುತ್ತೀರಿ. ಚೌಕಿಯಲ್ಲಿ ಒಬ್ಬನೇ ಕಲಾವಿದ, ಅವನ ಪೆಟ್ಟಿಗೆಯಲ್ಲಿ ಅರವತ್ತು ವೇಷ ಎಂದುಕೊಳ್ಳಿ. ಒಂದು ವೇಷದ ಗುರುತು ನಿಮಗೆ ಸಿಕ್ಕುವಷ್ಟರಲ್ಲಿ ಅವನು ಇನ್ನೊಂದು ಹಾಕಿಕೊಂಡು ಬರುತ್ತಾನೆ.

ಆಫ್ರಿಕಾದ ಫಾಲ್ಸಿಪಾರಮ್ ಪರಾವಲಂಬಿ ಮಾಡುವುದು ಅದನ್ನೇ. ಅದು ಕೆಂಪು ರಕ್ತಕಣದ ಒಳಗೆ ಕೂತು, ಕಣದ ಹೊರಮೈ ಮೇಲೆ ಒಂದು ಅಂಟು ಪ್ರೋಟೀನನ್ನು ಚಾಚುತ್ತದೆ. ಅದರಿಂದ ಆ ಕಣ ಸಣ್ಣ ರಕ್ತನಾಳದ ಗೋಡೆಗೆ ಅಂಟಿಕೊಳ್ಳುತ್ತದೆ, ರಕ್ತ ಸೋಸುವ ಗುಲ್ಮದ ಕಡೆ ಹೋಗಿ ಸೋಸಿಹೋಗುವುದು ತಪ್ಪುತ್ತದೆ. ಮೆದುಳಿನ ನಾಳಗಳಲ್ಲಿ ಅಂಟಿಕೊಂಡರೆ ಮಗುವಿಗೆ ಸೆಳೆತ ಬರುತ್ತದೆ, ಪ್ರಜ್ಞೆ ತಪ್ಪುತ್ತದೆ. ಆ ಪ್ರೋಟೀನಿಗೆ ಒಂದೊಂದು ಪರಾವಲಂಬಿಯಲ್ಲೂ ಸುಮಾರು 60 ಜೀನ್‌ಗಳಿವೆ. ಒಂದು ಸಲಕ್ಕೆ ಒಂದನ್ನೇ ಬಳಸುತ್ತದೆ, ಅದರ ಗುರುತು ಹಿಡಿಯುವ ಪ್ರತಿಕಾಯ (ಆಂಟಿಬಾಡಿ) ನಮ್ಮ ರಕ್ತದಲ್ಲಿ ಬಂದ ತಕ್ಷಣ ಇನ್ನೊಂದಕ್ಕೆ ಬದಲಿಸುತ್ತದೆ. ಪಕ್ಕದ ಹಳ್ಳಿಯ ಪರಾವಲಂಬಿಯ ಪೆಟ್ಟಿಗೆಯಲ್ಲಿ ಬೇರೆ 60 ವೇಷ!

ಹಾಗಾಗಿ ಮಗುವಿನ ಮೈ ಒಂದೊಂದು ಜ್ವರಕ್ಕೂ ಒಂದೊಂದು ವೇಷದ ಗುರುತು ಹಿಡಿಯುತ್ತಾ ಹೋಗುತ್ತದೆ. ಮೊದಲು ಸಾಯದಷ್ಟು ಶಕ್ತಿ ಬರುತ್ತದೆ, ಆಮೇಲೆ ಜ್ವರ ತಡೆಯುವಷ್ಟು. ಸೋಂಕೇ ತಗಲದಷ್ಟು ಶಕ್ತಿ ಮಾತ್ರ ಹೆಚ್ಚಿನವರಿಗೆ ಎಂದೂ ಬರುವುದಿಲ್ಲ. ನಿಮ್ಮ ಸೂಪರ್‌ವೈಸರ್ ಇರುವುದು ಆ ಸ್ಥಿತಿಯಲ್ಲಿ.

ಕಿಸುಮು ಲೆಕ್ಕಪತ್ರ · 11:10

ನಾನು ಕೆನ್ಯಾದ ಕಿಸುಮುವಿನಲ್ಲಿ ಹನ್ನೊಂದು ವರ್ಷದಿಂದ ಇದ್ದೇನೆ. ಊರು ಹಾಸನ. ಈ ಶಕ್ತಿ ಕಳೆದುಹೋಗುವುದನ್ನೂ ಕಣ್ಣಾರೆ ನೋಡಿದ್ದೇನೆ.

ನಮ್ಮ ಆಫೀಸಿನ ಒಬ್ಬ, ಇಲ್ಲಿನ ವಿಕ್ಟೋರಿಯಾ ಸರೋವರದ ದಂಡೆಯಲ್ಲಿ ಬೆಳೆದವನು, ಓದಲು ಇಂಗ್ಲೆಂಡಿಗೆ ಹೋಗಿ ಆರು ವರ್ಷ ಅಲ್ಲೇ ಇದ್ದ. ಕ್ರಿಸ್‌ಮಸ್‌ಗೆ ಊರಿಗೆ ಬಂದ. "ನಾನು ಇಲ್ಲಿಯವನು, ನನಗೆ ಏನಾಗುತ್ತದೆ" ಎಂದು ಸೊಳ್ಳೆ ಪರದೆ ಇಲ್ಲದೆ ಮಲಗಿದ. ಹೊಸ ವರ್ಷದ ಹೊತ್ತಿಗೆ ಆಸ್ಪತ್ರೆಯಲ್ಲಿದ್ದ. ಕಣ್ಣು ಹಳದಿ, ಮೂತ್ರ ಕಾಫಿ ಬಣ್ಣ. ಉಳಿದುಕೊಂಡ, ಆದರೆ ಅವನ ತಾಯಿ ಹಾಸಿಗೆ ಪಕ್ಕ ಕೂತು "ಇವನು ಚಿಕ್ಕವನಿದ್ದಾಗಲೂ ಹೀಗೆಯೇ ಮಲಗಿದ್ದ" ಎಂದು ಅತ್ತಿದ್ದು ನನಗೆ ಇವತ್ತಿಗೂ ಮರೆತಿಲ್ಲ.

@ಕತ್ತಾಳೆ ಮೆಕ್ಯಾನಿಕ್ ಹತ್ತು ವರ್ಷ ಕಾಯುವ ಯೋಚನೆ ಬೇಡ ತಮ್ಮಾ. ನನಗೂ ಅದು ಬಂದಿಲ್ಲ. ಪರದೆ ಕಟ್ಟಿ ಮಲಗು.

ಸೂಕ್ಷ್ಮದರ್ಶಕ · 11:22

ಅಣ್ಣಾ ಹೇಳಿದ್ದು ಸರಿ. ಜಾವಾದಿಂದ ಪಪುವಾಗೆ ವಲಸೆ ಹೋದ ಜನರನ್ನು ನೋಡಿದಾಗ, ಅಲ್ಲಿ ದೊಡ್ಡವರ ಮೈ ಮಕ್ಕಳಿಗಿಂತ ಬೇಗ, ಒಂದೆರಡು ವರ್ಷದಲ್ಲೇ ಕಲಿತದ್ದು ಕಂಡಿದೆ. ಆದರೆ ಮೊದಮೊದಲ ಸೋಂಕಿನಲ್ಲಿ ತೀವ್ರ ಕಾಯಿಲೆ ಆಗುವ ಅಪಾಯವೂ ದೊಡ್ಡವರಿಗೇ ಜಾಸ್ತಿ. ಯಾರೂ ಬೇಕೆಂದು ಆ ದಾರಿ ಹಿಡಿಯಬಾರದು.

ಬೇರು ನಾರು · ಭಾನುವಾರ ಬೆಳಗ್ಗೆ 7:15

ಅಮೃತಬಳ್ಳಿ, ನೆಲಬೇವಿನ ಕಷಾಯ ದಿನಾ ಕುಡಿಯಿರಿ. ನಮ್ಮ ಅಜ್ಜನ ಕಾಲದಲ್ಲಿ ಚಳಿಜ್ವರಕ್ಕೆ ಅದೇ ಮದ್ದು.

ಲ್ಯಾಬ್ ತಂಗಿ · 7:40

@ಬೇರು ನಾರು ಗಿಡಮೂಲಿಕೆ ಮೇಲೆ ನನಗೆ ಗೌರವ ಇದೆ ಸರ್. ಕ್ವಿನೈನ್ ಮರದ ತೊಗಟೆಯಿಂದ ಬಂತು. ಈಗ ಎಲ್ಲರೂ ನುಂಗುವ ಆರ್ಟಿಮಿಸಿನಿನ್ ಚೀನಾದ ಒಂದು ಗಿಡದ್ದು, ಅದಕ್ಕೆ ತು ಯೂಯೂ ಅವರಿಗೆ 2015ರಲ್ಲಿ ನೊಬೆಲ್ ಬಂತು. ಆದರೆ ಗಿಡದಲ್ಲಿರುವ ಮದ್ದನ್ನು ಬೇರೆ ಮಾಡಿ, ಅಳತೆ ಗೊತ್ತು ಮಾಡಿ, ಪರೀಕ್ಷಿಸಿದ ಮೇಲೆ ಅದು ಜೀವ ಉಳಿಸಿತು. ಫಾಲ್ಸಿಪಾರಮ್ ಮಲೇರಿಯಾಗೆ ಬರೀ ಕಷಾಯ ನಂಬಿ ಎರಡು ದಿನ ಕಳೆದರೆ ಮೂರನೇ ದಿನ ಕೈಮೀರಬಹುದು. ದಯವಿಟ್ಟು ಹೀಗೆ ಬರೆಯಬೇಡಿ.

ತುಂಗೆ ದಂಡೆ · 8:30

ಅಜ್ಜನ ಕಾಲ ಅಂದದ್ದಕ್ಕೆ ನೆನಪಾಯಿತು. ನಮ್ಮದು ತೀರ್ಥಹಳ್ಳಿ ಕಡೆ. ಅಜ್ಜಿ "ಜ್ವರಗಡ್ಡೆ" ಅನ್ನುತ್ತಿದ್ದರು. ಅವರ ಬಾಲ್ಯದಲ್ಲಿ ಊರಿನ ಮಕ್ಕಳಿಗೆಲ್ಲ ಹೊಟ್ಟೆಯ ಎಡಭಾಗದಲ್ಲಿ ಕೈಗೆ ಸಿಗುವ ಹಾಗೆ ಗಡ್ಡೆ ಇರುತ್ತಿತ್ತಂತೆ. ಕೈಕಾಲು ಕಡ್ಡಿ, ಹೊಟ್ಟೆ ಮಾತ್ರ ಗುಡಾಣ. ಘಟ್ಟದ ಕೆಳಗಿನಿಂದ ಅಡಿಕೆ ತೋಟದ ಕೆಲಸಕ್ಕೆ ಬಂದ ಆಳುಗಳು ಮೊದಲ ಮಳೆಗಾಲದಲ್ಲೇ ಮಲಗಿಬಿಡುತ್ತಿದ್ದರು, ಊರಿನ ದೊಡ್ಡವರು ಮಾತ್ರ ಹೇಗೋ ಓಡಾಡಿಕೊಂಡಿರುತ್ತಿದ್ದರು ಎಂದು ಹೇಳುತ್ತಿದ್ದರು. ಹಾಗಾದರೆ ನಮ್ಮ ಮಲೆನಾಡಿನವರಿಗೂ ಆ ಶಕ್ತಿ ಇತ್ತು ಅಲ್ವಾ?

ಸೂಕ್ಷ್ಮದರ್ಶಕ · 9:02

ಅಜ್ಜಿ ಹೇಳಿದ್ದು ನಿಖರವಾದ ಲಕ್ಷಣ! ಜ್ವರಗಡ್ಡೆ ಅಂದರೆ ಉಬ್ಬಿದ ಗುಲ್ಮ. ಸೋಂಕಿದ ರಕ್ತಕಣಗಳನ್ನು ಸೋಸುವ ಜಾಗ ಅದು. ಆಗಿನ ಮಲೇರಿಯಾ ವೈದ್ಯರು ಹಳ್ಳಿಗೆ ಹೋದರೆ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಹೊಟ್ಟೆ ಮುಟ್ಟಿ, ನೂರರಲ್ಲಿ ಎಷ್ಟು ಮಕ್ಕಳಿಗೆ ಗುಲ್ಮ ಸಿಗುತ್ತದೆ ಎಂದು ಎಣಿಸುತ್ತಿದ್ದರು. ಊರಿನಲ್ಲಿ ಮಲೇರಿಯಾ ಎಷ್ಟಿದೆ ಎನ್ನುವುದಕ್ಕೆ ಅದೇ ಅಳತೆ. ನಿಮ್ಮ ಊರಿನ ದೊಡ್ಡವರಿಗೂ ಆ ಕಲಿತ ಶಕ್ತಿ ಸ್ವಲ್ಪಮಟ್ಟಿಗೆ ಇದ್ದಿರಬೇಕು. ಈಗ ನಮಗ್ಯಾರಿಗೂ ಇಲ್ಲ, ಕಚ್ಚಿಸಿಕೊಂಡೇ ಇಲ್ಲವಲ್ಲ.

ನೇರ ಮಾತು · 10:20

ಹಾಗಾದರೆ ನನ್ನದೊಂದು ವಾದ. ಮೈ ತಾನಾಗಿ ಕಲಿಯುತ್ತದೆ ಅಂದಮೇಲೆ ಪರದೆ, ಔಷಧಿ, ಲಸಿಕೆ ಎಂದು ನಡುವೆ ಕೈ ಹಾಕುವುದು ಏಕೆ? ಆಫ್ರಿಕಾದವರು ಸಾವಿರಾರು ವರ್ಷ ಬದುಕಿಲ್ಲವಾ? ಪರದೆಯೊಳಗೆ ಬೆಳೆದ ಮಗುವಿಗೆ ಆ ಶಕ್ತಿಯೇ ಬರುವುದಿಲ್ಲ, ದೊಡ್ಡವನಾದಾಗ ಒಂದೇ ಏಟಿಗೆ ಹೋಗುತ್ತಾನೆ. ಇದನ್ನು ಯಾರೂ ಹೇಳುವುದಿಲ್ಲ.

ಸಿಸ್ಟರ್ ಉಡುಪಿ · 10:48

@ನೇರ ಮಾತು ನಾನು ಮಲಾವಿಯಲ್ಲಿ ನಾಲ್ಕು ವರ್ಷ ಮಕ್ಕಳ ವಾರ್ಡಿನಲ್ಲಿ ನರ್ಸ್ ಆಗಿದ್ದೆ. ಮಳೆಗಾಲದಲ್ಲಿ ಒಂದು ಮಂಚದ ಮೇಲೆ ಮೂರು ಮಕ್ಕಳು. ಅಂಗೈ ನೋಡಿದರೆ ಕಾಗದದ ಹಾಗೆ ಬಿಳಿ, ರಕ್ತವೇ ಇಲ್ಲ. ಸೆಳೆತ ನಿಂತ ಮೇಲೂ ಕಣ್ಣು ಬಿಡದ ಮಗುವನ್ನು ತಾಯಿ ಹೆಸರು ಹಿಡಿದು ಕರೆಯುತ್ತಲೇ ಇರುತ್ತಾಳೆ. ನೀವು ಹೇಳುವ ಸಹಜ ಶಕ್ತಿ ಆ ವಾರ್ಡಿನಿಂದ ಎದ್ದು ಹೋದವರಿಗೆ ಮಾತ್ರ ಬರುವುದು.

2023ರಲ್ಲಿ ಜಗತ್ತಿನಲ್ಲಿ ಮಲೇರಿಯಾದಿಂದ ಸತ್ತವರು ಸುಮಾರು 5,97,000. ನೂರಕ್ಕೆ 95 ಆಫ್ರಿಕಾದಲ್ಲಿ. ಅದರಲ್ಲೂ ನಾಲ್ಕರಲ್ಲಿ ಮೂರು ಐದು ವರ್ಷದೊಳಗಿನ ಮಕ್ಕಳು. ಸಾವಿರಾರು ವರ್ಷ ಬದುಕಿದ್ದು ಹೀಗೆ.

ಕಿಸುಮು ಲೆಕ್ಕಪತ್ರ · 11:05

@ನೇರ ಮಾತು ನಿಮ್ಮ ಭಯವನ್ನು ಪರೀಕ್ಷೆ ಮಾಡಿಯೇ ನೋಡಿದ್ದಾರೆ. ಟಾಂಜಾನಿಯಾದ ದಕ್ಷಿಣದಲ್ಲಿ 1998ರಿಂದ 2003ರವರೆಗೆ ಆರು ಸಾವಿರಕ್ಕೂ ಹೆಚ್ಚು ಚಿಕ್ಕ ಮಕ್ಕಳ ಮನೆಗೆ ಹೋಗಿ ಪರದೆಯಲ್ಲಿ ಮಲಗುತ್ತಾರಾ ಎಂದು ಬರೆದಿಟ್ಟಿದ್ದರು. ಇಪ್ಪತ್ತು ವರ್ಷ ಬಿಟ್ಟು ಅದೇ ಮನೆಗಳಿಗೆ ಹೋಗಿ ಯಾರು ಬದುಕಿದ್ದಾರೆ ಎಂದು ನೋಡಿದರು. 2022ರಲ್ಲಿ ಫಲಿತಾಂಶ ಬಂತು. ಚಿಕ್ಕಂದಿನಲ್ಲಿ ಪರದೆಯಲ್ಲಿ ಮಲಗಿದ ಮಕ್ಕಳು ದೊಡ್ಡವರಾಗುವ ಮೊದಲು ಸಾಯುವ ಸಂಭವ ನೂರಕ್ಕೆ 40ರಷ್ಟು ಕಡಿಮೆ. ಉಳಿದ ಜೀವ ಉಳಿಯಿತು, ದೊಡ್ಡವರಾದ ಮೇಲೆ ಹೋಗಲಿಲ್ಲ.

ನೇರ ಮಾತು · 11:30

ಆ ಅಧ್ಯಯನ ನನಗೆ ಗೊತ್ತಿರಲಿಲ್ಲ, ಒಪ್ಪುತ್ತೇನೆ. ಆದರೆ ಲಸಿಕೆ ವಿಷಯದಲ್ಲಿ ನಾನು ಹೇಳಿದ್ದು ಪೂರ್ತಿ ಸುಳ್ಳೂ ಅಲ್ಲ. ಕಿಲಿಫಿಯಲ್ಲಿ ಲಸಿಕೆ ಹಾಕಿಸಿಕೊಂಡ ಮಕ್ಕಳಿಗೆ ಕೆಲವು ವರ್ಷದ ಮೇಲೆ ಬೇರೆ ಮಕ್ಕಳಿಗಿಂತ ಜಾಸ್ತಿ ಮಲೇರಿಯಾ ಬಂತು ಎಂದು ಓದಿದ್ದೇನೆ.

ಸೂಕ್ಷ್ಮದರ್ಶಕ · 11:52

ಓದಿದ್ದು ನಿಜ. ಆರ್‌ಟಿಎಸ್,ಎಸ್ ಲಸಿಕೆಯ ಮೂರೇ ಡೋಸ್ ಪಡೆದ ಮಕ್ಕಳನ್ನು ಅಲ್ಲಿ ಏಳು ವರ್ಷ ನೋಡಿದರು. ಸೊಳ್ಳೆ ಕಾಟ ಜಾಸ್ತಿ ಇದ್ದ ಕಡೆ ಐದನೇ ವರ್ಷಕ್ಕೆ ಲೆಕ್ಕ ತಿರುಗುಮುರುಗಾಯಿತು. ಲಸಿಕೆಯ ಶಕ್ತಿ ಇಳಿದಿತ್ತು, ಮೈ ತಾನಾಗಿ ಕಲಿಯುವುದೂ ತಡವಾಗಿತ್ತು. ಅದನ್ನು ಮುಚ್ಚಿಡಲಿಲ್ಲ, ಪ್ರಕಟಿಸಿದರು. ನಾಲ್ಕನೇ ಡೋಸ್ ಬೇಕೇ ಬೇಕು ಎನ್ನುವುದಕ್ಕೆ ಇಂಥ ಫಲಿತಾಂಶಗಳೂ ಕಾರಣ. ಆದರೆ ಮಲೇರಿಯಾ ಕೊಲ್ಲುವುದು ಮೊದಲ ಕೆಲವು ವರ್ಷಗಳಲ್ಲಿ. ಆ ವರ್ಷಗಳನ್ನು ದಾಟಿಸುವುದೇ ದೊಡ್ಡದು.

ಘಾನಾ, ಕೆನ್ಯಾ, ಮಲಾವಿಯಲ್ಲಿ 2019ರಿಂದ ನಾಲ್ಕು ವರ್ಷ ಈ ಲಸಿಕೆ ಕೊಟ್ಟು ನೋಡಿದಾಗ, ಲಸಿಕೆಯ ವಯಸ್ಸಿನ ಮಕ್ಕಳ ಒಟ್ಟು ಸಾವು ನೂರಕ್ಕೆ 13ರಷ್ಟು ಇಳಿಯಿತು.

ಕತ್ತಾಳೆ ಮೆಕ್ಯಾನಿಕ್ · ಮಧ್ಯಾಹ್ನ 1:15

ಸಿಸ್ಟರ್ ಬರೆದದ್ದು ಓದಿ ಸುಮ್ಮನೆ ಕೂತುಬಿಟ್ಟೆ ಅಕ್ಕಾ. ಇಲ್ಲಿ ಸ್ವಾಹಿಲಿಯಲ್ಲಿ ಮಕ್ಕಳ ಸೆಳೆತಕ್ಕೆ "ಡೆಗೆಡೆಗೆ" ಅನ್ನುತ್ತಾರೆ. ಆ ಪದ ಹೇಳುವಾಗ ಹೆಂಗಸರು ದನಿ ಇಳಿಸುತ್ತಾರೆ. ಯಾಕೆಂದು ಈಗ ಗೊತ್ತಾಯಿತು.

ನನ್ನ ಎರಡನೇ ಪ್ರಶ್ನೆ ಹಾಗೇ ಉಳಿದಿದೆ. ದೊಡ್ಡವರ ರಕ್ತದಲ್ಲಿರುವುದನ್ನು ಮಕ್ಕಳಿಗೆ ಕೊಡಲು ಆಗುವುದಿಲ್ಲವಾ?

ಸೂಕ್ಷ್ಮದರ್ಶಕ · 2:20

ಕೊಟ್ಟು ನೋಡಿದ್ದಾರೆ! ನನಗೆ ಇಡೀ ವಿಷಯದಲ್ಲಿ ತುಂಬಾ ಇಷ್ಟವಾದ ಪ್ರಯೋಗ ಅದು. ಗ್ಯಾಂಬಿಯಾದಲ್ಲಿ ಇಯನ್ ಮ್ಯಾಕ್‌ಗ್ರೆಗರ್, ಸಿಡ್ನಿ ಕೋಹೆನ್ ಮತ್ತು ಜತೆಗಾರರು ದೊಡ್ಡವರ ರಕ್ತದಿಂದ ಪ್ರತಿಕಾಯಗಳನ್ನು ಮಾತ್ರ ಬೇರ್ಪಡಿಸಿ, ಮಲೇರಿಯಾದಿಂದ ಮಲಗಿದ್ದ ಮಕ್ಕಳಿಗೆ ಚುಚ್ಚಿದರು. ಕೆಲವೇ ದಿನದಲ್ಲಿ ಮಕ್ಕಳ ರಕ್ತದಲ್ಲಿ ಪರಾವಲಂಬಿ ಇಳಿದುಹೋಯಿತು. 1961ರಲ್ಲಿ ಅದು ಪ್ರಕಟವಾಯಿತು. ಮುಂದೆ ಪಶ್ಚಿಮ ಆಫ್ರಿಕಾದವರ ಪ್ರತಿಕಾಯವನ್ನು ಥಾಯ್ಲೆಂಡಿನ ರೋಗಿಗಳಿಗೆ ಕೊಟ್ಟಾಗಲೂ ಕೆಲಸ ಮಾಡಿತು. ಖಂಡ ಬೇರೆ, ಪರಾವಲಂಬಿ ಬೇರೆ, ಆದರೂ!

ಅಂದರೆ ದೊಡ್ಡವರ ರಕ್ತದಲ್ಲಿ ಏನೋ ಇದೆ ಎನ್ನುವುದು ಅರವತ್ತು ವರ್ಷದ ಹಿಂದೆಯೇ ಖಚಿತ. ತೊಡಕು ಎಲ್ಲಿದೆ ಅಂದರೆ, ಆ ರಕ್ತದಲ್ಲಿ ಮಲೇರಿಯಾ ವಿರುದ್ಧ ಸಾವಿರಾರು ಬಗೆಯ ಪ್ರತಿಕಾಯ. ಪರಾವಲಂಬಿಗೆ 5,000ಕ್ಕೂ ಹೆಚ್ಚು ಜೀನ್. ಯಾವ ಪ್ರತಿಕಾಯ ಕಾಪಾಡುತ್ತದೆ, ಯಾವುದು ಸುಮ್ನೆ ಜತೆಗಿದೆ ಎಂದು ಹೇಗೆ ಹುಡುಕುವುದು?

ಈಗ ಕೇಳಿ. ಅದನ್ನು ಹುಡುಕಿದ ಒಂದು ದೊಡ್ಡ ಕೆಲಸ ನಡೆದದ್ದು ನೀವಿರುವ ಮುಹೇಜಾದಲ್ಲೇ.

ಕತ್ತಾಳೆ ಮೆಕ್ಯಾನಿಕ್ · 2:24

ಮುಹೇಜಾದಲ್ಲಾ?!

ಸೂಕ್ಷ್ಮದರ್ಶಕ · 3:01

ಹೌದು. ಮುಹೇಜಾದ ಆಸ್ಪತ್ರೆಯಲ್ಲಿ ಹುಟ್ಟಿದ ನೂರಾರು ಮಕ್ಕಳನ್ನು ಹುಟ್ಟಿದ ದಿನದಿಂದ ಮೂರು ಮೂರೂವರೆ ವರ್ಷ ನೋಡಿಕೊಂಡರು. ಆಗಾಗ ರಕ್ತ ತೆಗೆದಿಟ್ಟರು, ಜ್ವರ ಬಂದರೆ ಚಿಕಿತ್ಸೆ ಕೊಟ್ಟರು. ಒಂದೇ ಊರು, ಅವೇ ಸೊಳ್ಳೆ. ಆದರೂ ಕೆಲವು ಮಕ್ಕಳು ಎರಡು ವರ್ಷಕ್ಕೇ ಗಟ್ಟಿಯಾಗಿ ನಿಂತರು, ಕೆಲವರಿಗೆ ಮತ್ತೆ ಮತ್ತೆ ಜ್ವರ. ಜೇಕ್ ಕರ್ಟಿಸ್ ಅವರ ತಂಡ ಈ ಎರಡೂ ಬಗೆಯ ಮಕ್ಕಳ ರಕ್ತವನ್ನು ಅಕ್ಕಪಕ್ಕ ಇಟ್ಟು, ಪರಾವಲಂಬಿಯ ಪ್ರೋಟೀನುಗಳ ಮೇಲೆ ಒಂದೊಂದಾಗಿ ಹಾಯಿಸಿ, ಗಟ್ಟಿಯಾದ ಮಕ್ಕಳ ಪ್ರತಿಕಾಯ ಮಾತ್ರ ಯಾವುದನ್ನು ಹಿಡಿಯುತ್ತದೆ ಎಂದು ಜಾಲಾಡಿತು. ಸಿಕ್ಕಿದ್ದು ಪಿಎಫ್‌ಎಸ್‌ಇಎ-1 ಎಂಬ ಪ್ರೋಟೀನ್. 2014ರಲ್ಲಿ ಪ್ರಕಟವಾಯಿತು.

ಅದರ ಕೆಲಸ ನೋಡಿ. ಪರಾವಲಂಬಿ ರಕ್ತಕಣದ ಒಳಗೆ ಮರಿ ಮಾಡಿ, ಕಣ ಒಡೆದು ಹೊರಗೆ ಬರುತ್ತದೆ. ಹಾಗೆ ಹೊರಬರಲು ಈ ಪ್ರೋಟೀನ್ ಬೇಕು. ಪ್ರತಿಕಾಯ ಅದಕ್ಕೆ ಅಂಟಿಕೊಂಡರೆ ಪರಾವಲಂಬಿ ಕಣದೊಳಗೇ ಸಿಕ್ಕಿಬೀಳುತ್ತದೆ. ಮನೆಗೆ ಹೊರಗಿನಿಂದ ಚಿಲಕ ಹಾಕಿದ ಹಾಗೆ. ಆದರೆ ಅಷ್ಟು ಮಲೇರಿಯಾ ಇರುವ ಊರಿನಲ್ಲೂ ಆ ಪ್ರತಿಕಾಯ ತಾನಾಗಿ ಬಂದಿದ್ದು ನೂರು ಮಕ್ಕಳಲ್ಲಿ ಸುಮಾರು 6 ಮಕ್ಕಳಿಗೆ.

ತುಂಗೆ ದಂಡೆ · 3:20

ಅದರಿಂದ ಲಸಿಕೆ ಆಯಿತಾ?

ಸೂಕ್ಷ್ಮದರ್ಶಕ · 3:44

ಇನ್ನೂ ಮಕ್ಕಳಿಗೆ ಕೊಡುವ ಲಸಿಕೆ ಆಗಿಲ್ಲ. ಇಲಿಗಳಲ್ಲಿ ಕೆಲಸ ಮಾಡಿದೆ. ಅದೇ ತಂಡ 2020ರಲ್ಲಿ ಪಿಎಫ್‌ಗಾರ್ಪ್ ಎಂಬ ಇನ್ನೊಂದನ್ನು ಹುಡುಕಿತು. ಅದಕ್ಕೆ ಪ್ರತಿಕಾಯ ತಾಗಿದರೆ ಪರಾವಲಂಬಿ ತಾನೇ ಸತ್ತುಹೋಗುತ್ತದೆ. ಕೋತಿಗಳಲ್ಲಿ ಭರವಸೆ ಮೂಡಿಸಿದೆ.

ಹಿಂದೆ ಸೋತವುಗಳ ಪಟ್ಟಿಯೂ ದೊಡ್ಡದು. ಕೊಲಂಬಿಯಾದ ಮ್ಯಾನುಯೆಲ್ ಪಟಾರೊಯೊ ಅವರ ಎಸ್‌ಪಿಎಫ್66 ಲಸಿಕೆಗೆ ಮೊದಲು ದೊಡ್ಡ ಹೆಸರು ಬಂತು, ಆಮೇಲೆ ಗ್ಯಾಂಬಿಯಾ, ಥಾಯ್ಲೆಂಡ್‌ಗಳಲ್ಲಿ ಅದು ನಿಲ್ಲಲಿಲ್ಲ. ಮಾಲಿ ದೇಶದಲ್ಲಿ ಎಎಂಎ1 ಎಂಬ ಪ್ರೋಟೀನಿನ ಲಸಿಕೆ ಕೊಟ್ಟರು, 2011ರಲ್ಲಿ ಫಲಿತಾಂಶ ಬಂತು. ಲಸಿಕೆಯಲ್ಲಿದ್ದ ತಳಿಯಂಥದ್ದೇ ಬಂದರೆ ರಕ್ಷಣೆ ನೂರಕ್ಕೆ 64. ಎಲ್ಲ ತಳಿ ಸೇರಿಸಿ ನೋಡಿದರೆ 17. ಮತ್ತೆ ಅದೇ ವೇಷದ ಕತೆ.

ಸಿಸ್ಟರ್ ಉಡುಪಿ · 4:10

ಒಂದು ವಿಷಯ ಯಾರೂ ಹೇಳಲಿಲ್ಲ, ಬಸುರಿಯರದ್ದು. ಇಪ್ಪತ್ತು ವರ್ಷ ಮಲೇರಿಯಾ ಊರಿನಲ್ಲೇ ಬೆಳೆದು ಗಟ್ಟಿಯಾದ ಹುಡುಗಿ ಮೊದಲ ಸಲ ಬಸುರಾದಾಗ ಮತ್ತೆ ಮಲೇರಿಯಾಗೆ ಸಿಕ್ಕಿಬೀಳುತ್ತಾಳೆ. ರಕ್ತ ಕಡಿಮೆಯಾಗುತ್ತದೆ, ಮಗು ಎರಡು ಕೆಜಿಯೂ ತೂಗುವುದಿಲ್ಲ. ಎರಡನೇ, ಮೂರನೇ ಬಸುರಿಗೆ ಅಷ್ಟು ತೊಂದರೆ ಇಲ್ಲ. ನಾವು ಇದನ್ನು ದಿನಾ ನೋಡುತ್ತಿದ್ದೆವು, ಕಾರಣ ಗೊತ್ತಿರಲಿಲ್ಲ.

ಸೂಕ್ಷ್ಮದರ್ಶಕ · 4:32

ಸಿಸ್ಟರ್, ನಿಮಗೆ ಕೈ ಮುಗಿಯುತ್ತೇನೆ. ಕಾರಣ 1996ರಲ್ಲಿ ಮಿಶಲ್ ಫ್ರೀಡ್, ಪ್ಯಾಟ್ರಿಕ್ ಡಫಿ ಹುಡುಕಿದರು. ಬಸಿರಿನಲ್ಲಿ ಮಾಸು ಎಂಬ ಹೊಸ ಅಂಗ ಬರುತ್ತದೆ. ಅಲ್ಲಿ ಮಾತ್ರ ಅಂಟಿಕೊಳ್ಳುವ ವೇಷವೊಂದು ಪರಾವಲಂಬಿಯ ಪೆಟ್ಟಿಗೆಯಲ್ಲಿದೆ. ಹುಡುಗಿಯ ಮೈ ಅದನ್ನು ಮೊದಲೆಂದೂ ನೋಡಿರುವುದಿಲ್ಲ. ಎರಡನೇ ಬಸಿರಿನ ಹೊತ್ತಿಗೆ ಗುರುತು ಸಿಕ್ಕಿರುತ್ತದೆ. ಆ ಒಂದೇ ವೇಷದ ವಿರುದ್ಧ ಎರಡು ಲಸಿಕೆಗಳು ಮನುಷ್ಯರಲ್ಲಿ ಮೊದಲ ಹಂತದ ಪರೀಕ್ಷೆ ದಾಟಿವೆ. ಮೊದಲ ಬಸಿರಿಗೆ ಮುಂಚೆ ಹುಡುಗಿಯರಿಗೆ ಕೊಡಲು ಆಗುವ ದಿನ ಬರಲಿ.

ಪುಣೆ ಕನ್ನಡಿಗ · ಸಂಜೆ 5:15

ಈಗ ಕೊಡುತ್ತಿರುವ ಲಸಿಕೆಗಳ ಬಗ್ಗೆಯೂ ಬರೆಯಿರಿ. ಆರ್21 ನಮ್ಮ ಪುಣೆಯ ಸೀರಮ್ ಇನ್‌ಸ್ಟಿಟ್ಯೂಟ್‌ನಲ್ಲಿ ತಯಾರಾಗುತ್ತದೆ, ಆಕ್ಸ್‌ಫರ್ಡ್‌ನವರು ರೂಪಿಸಿದ್ದು. 2023ರ ಅಕ್ಟೋಬರ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಶಿಫಾರಸು ಮಾಡಿತು. ಆಗ ಒಂದು ಡೋಸ್‌ಗೆ 2ರಿಂದ 4 ಡಾಲರ್ ಎಂದಿದ್ದರು. ಬುರ್ಕಿನಾ ಫಾಸೊ, ಮಾಲಿ, ಕೆನ್ಯಾ, ಟಾಂಜಾನಿಯಾದ ಪರೀಕ್ಷೆಯಲ್ಲಿ ಮೊದಲ ವರ್ಷ, ಮಳೆಗಾಲದಲ್ಲಿ ಮಾತ್ರ ಮಲೇರಿಯಾ ಬರುವ ಕಡೆ ನೂರಕ್ಕೆ 75, ವರ್ಷವಿಡೀ ಬರುವ ಕಡೆ 68ರಷ್ಟು ರಕ್ಷಣೆ ಸಿಕ್ಕಿತ್ತು.

ಸೂಕ್ಷ್ಮದರ್ಶಕ · 5:50

ಬರೆಯಲೇಬೇಕು. ಆರ್‌ಟಿಎಸ್,ಎಸ್ ಮೊದಲನೆಯದು, 2021ರ ಅಕ್ಟೋಬರ್ 6ರಂದು ಶಿಫಾರಸು ಆಯಿತು. ಆರ್21 ಎರಡನೆಯದು. ಎರಡೂ ನಿಮ್ಮ ಸೂಪರ್‌ವೈಸರ್ ಮೈ ಕಲಿತ ಪಾಠವನ್ನು ನಕಲು ಮಾಡಿದ್ದಲ್ಲ!

ಸೊಳ್ಳೆ ಕಚ್ಚಿದಾಗ ಮೈಗೆ ಸೇರುವುದು ಬೆರಳೆಣಿಕೆಯಿಂದ ನೂರರವರೆಗಿನ ಸಣ್ಣ ಪರಾವಲಂಬಿಗಳು. ಒಂದು ಗಂಟೆಯೊಳಗೆ ಲಿವರ್ ಸೇರಿಬಿಡುತ್ತವೆ. ಅಷ್ಟು ಕಡಿಮೆ, ಅಷ್ಟು ಬೇಗ ಆಗುವುದರಿಂದ ನಮ್ಮ ಮೈಗೆ ಆ ಹಂತದ ಪಾಠ ಸರಿಯಾಗಿ ಆಗುವುದೇ ಇಲ್ಲ. ಈ ಎರಡೂ ಲಸಿಕೆ ಕಾಯುವುದು ಆ ಮೊದಲ ಗಂಟೆಯ ಬಾಗಿಲನ್ನು. ಇದರ ಬೇರು 1967ರಲ್ಲಿದೆ. ರೂತ್ ನುಸ್ಸೆನ್‌ಜ್ವೈಗ್ ವಿಕಿರಣದಿಂದ ದುರ್ಬಲಗೊಳಿಸಿದ ಆ ಸಣ್ಣ ಪರಾವಲಂಬಿಗಳನ್ನು ಇಲಿಗಳಿಗೆ ಕೊಟ್ಟು ರಕ್ಷಣೆ ಬರುವುದನ್ನು ತೋರಿಸಿದ್ದರು.

ರಕ್ತದ ಹಂತದಲ್ಲಿ ತಡೆಯುವ ಲಸಿಕೆಗಳಲ್ಲಿ ಈಗ ಮುಂದಿರುವುದು ಆರ್‌ಎಚ್5 ಎಂಬ ಪ್ರೋಟೀನಿನದ್ದು. ಪರಾವಲಂಬಿ ರಕ್ತಕಣದೊಳಗೆ ನುಗ್ಗಲು ಈ ಪ್ರೋಟೀನ್ ಬೇಕೇ ಬೇಕು, ಎಲ್ಲ ತಳಿಯಲ್ಲೂ ಹೆಚ್ಚು ಕಡಿಮೆ ಒಂದೇ ಥರ. ವೇಷ ಬದಲಿಸಲು ಆಗದ ಜಾಗ. ಬುರ್ಕಿನಾ ಫಾಸೊದ ಮಕ್ಕಳಲ್ಲಿ ಪರೀಕ್ಷಿಸಿದಾಗ ಮೊದಲ ಆರು ತಿಂಗಳಲ್ಲಿ ನೂರಕ್ಕೆ 55ರಷ್ಟು ರಕ್ಷಣೆ ಸಿಕ್ಕಿದೆ, 2024ರಲ್ಲಿ ಪ್ರಕಟವಾಯಿತು. ವಿಚಿತ್ರ ನೋಡಿ, ಸಹಜವಾಗಿ ಮಲೇರಿಯಾ ಬಂದವರಲ್ಲಿ ಆರ್‌ಎಚ್5 ವಿರುದ್ಧದ ಪ್ರತಿಕಾಯ ತೀರಾ ಕಡಿಮೆ. @ನೇರ ಮಾತು ಅವರಿಗೆ ಇದು ನನ್ನ ಉತ್ತರ. ಮೈ ತಾನಾಗಿ ಕಲಿಯುವುದೇ ಒಳ್ಳೆಯ ಪಾಠ ಅಂತ ಏನೂ ಇಲ್ಲ.

ನೇರ ಮಾತು · 6:05

ಒಪ್ಪಿದೆ ಸರ್. ಬೆಳಗ್ಗೆ ಬರೆದ ಮಾತು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ.

ಕಿಸುಮು ಲೆಕ್ಕಪತ್ರ · 6:30

ಇಲ್ಲಿ ಕೆನ್ಯಾದಲ್ಲಿ ಆರ್‌ಟಿಎಸ್,ಎಸ್ ಶುರುವಾದಾಗ 6, 7, 9 ತಿಂಗಳಿಗೆ ಮೂರು ಡೋಸ್, ನಾಲ್ಕನೆಯದು 24ನೇ ತಿಂಗಳಿಗೆ. ಮೂರಕ್ಕೆ ಎಲ್ಲ ತಾಯಂದಿರೂ ಬರುತ್ತಾರೆ, ದಡಾರದ ಲಸಿಕೆ ಜತೆಗೇ ಆಗುತ್ತದೆ. ನಾಲ್ಕಕ್ಕೆ ಬರುವುದು ಕಷ್ಟ. ಅಷ್ಟರಲ್ಲಿ ಮಗು ಓಡಾಡುತ್ತಿರುತ್ತದೆ, ಇನ್ನೊಂದು ಮಗು ಮಡಿಲಲ್ಲಿರುತ್ತದೆ. ನಮ್ಮ ಮನೆ ಕೆಲಸದವಳು ಮಗುವಿನ ಲಸಿಕೆ ಪುಸ್ತಕವನ್ನು ಅಕ್ಕಿ ಡಬ್ಬದಲ್ಲಿ ಇಟ್ಟಿದ್ದಳು, ಒದ್ದೆಯಾಗಬಾರದು ಅಂತ. ನನ್ನ ಹೆಂಡತಿ ಕ್ಯಾಲೆಂಡರಿನಲ್ಲಿ ದಿನ ಗುರುತು ಹಾಕಿ ಕಳಿಸಿದಳು.

ಮಂಗಳೂರು ಮಳೆ · 6:48

ಸ್ವಲ್ಪ ಬೇರೆ ವಿಷಯ. ನಮ್ಮ ಮಂಗಳೂರಿನ ಕಟ್ಟಡಗಳ ನೀರಿನ ಟ್ಯಾಂಕಿನಲ್ಲಿ ಬೆಳೆಯುವ ಸ್ಟೀಫೆನ್ಸಿ ಸೊಳ್ಳೆ ಈಗ ಆಫ್ರಿಕಾಗೂ ಹೋಗಿದೆಯಂತೆ, ನಿಜವಾ?

ಲ್ಯಾಬ್ ತಂಗಿ · 7:00

ನಿಜ ಅಣ್ಣಾ. 2012ರಲ್ಲಿ ಜಿಬೂಟಿಯಲ್ಲಿ ಕಂಡಿತು, ಆಮೇಲೆ ಇಥಿಯೋಪಿಯಾ, ಸೂಡಾನ್. ಆಫ್ರಿಕಾದ ಹಳೆಯ ಮಲೇರಿಯಾ ಸೊಳ್ಳೆ ಹಳ್ಳಿಯದ್ದು, ಇದು ಪಟ್ಟಣದ್ದು. ಪಟ್ಟಣದ ದೊಡ್ಡವರಿಗೆ ಕಲಿತ ಶಕ್ತಿ ಕಡಿಮೆ, ಅದೇ ಭಯ. ಟ್ಯಾಂಕಿಗೆ ಮುಚ್ಚಳ ಹಾಕುವ ಕೆಲಸ ಅಲ್ಲೂ ಮಾಡಬೇಕು, ಇಲ್ಲೂ ಮಾಡಬೇಕು.

ಸಿಸ್ಟರ್ ಉಡುಪಿ · 7:25

@ಕತ್ತಾಳೆ ಮೆಕ್ಯಾನಿಕ್ ಒಂದು ಕೆಲಸ ಮಾಡು ತಮ್ಮಾ. ಆ ಸೂಪರ್‌ವೈಸರ್ ಹತ್ತಿರ ಅವನ ಬಾಲ್ಯದ ಬಗ್ಗೆ ಕೇಳು. ಎಷ್ಟು ಸಲ ಜ್ವರ ಬಂದಿತ್ತು, ಮನೆಯಲ್ಲಿ ಯಾರ್ಯಾರಿದ್ದರು ಅಂತ.

ಕತ್ತಾಳೆ ಮೆಕ್ಯಾನಿಕ್ · ಸೋಮವಾರ ರಾತ್ರಿ 9:10

ಕೇಳಿದೆ ಅಕ್ಕಾ.

ಮಧ್ಯಾಹ್ನ ಶೆಡ್ಡಿನ ಹಿಂದೆ ಉಗಾಲಿ ತಿನ್ನುತ್ತಾ ಕೂತಿದ್ದ. ನಾನೂ ಡಬ್ಬ ತೆಗೆದುಕೊಂಡು ಪಕ್ಕದಲ್ಲಿ ಕೂತೆ. ಅವನ ತಾಯಿಗೆ ಏಳು ಮಕ್ಕಳು. ಬದುಕಿರುವುದು ಐವರು. ಒಬ್ಬ ತಮ್ಮ ವರ್ಷ ತುಂಬುವ ಮೊದಲೇ ಜ್ವರದಲ್ಲಿ ಹೋದ. ತಂಗಿಗೆ ಡೆಗೆಡೆಗೆ. ರಾತ್ರಿ ಶುರುವಾಗಿದ್ದು, ಬೆಳಗಿನ ಬಸ್ಸಿಗೆ ಕಾದರಂತೆ. ಬಸ್ಸು ಬಂದಾಗ ಅವಳಿರಲಿಲ್ಲ. ಅವನಿಗೂ ಮೂರು ವರ್ಷದವನಿದ್ದಾಗ ಸೆಳೆತ ಬಂದಿತ್ತು. ನಾಲಿಗೆ ಕಚ್ಚಿಕೊಂಡ ಗುರುತು ಇನ್ನೂ ಇದೆ, ಬಾಯಿ ತೆಗೆದು ತೋರಿಸಿದ.

ಇಷ್ಟೆಲ್ಲ ಆದಮೇಲೆ ಬಂದದ್ದು ಅವನ ಶಕ್ತಿ. ಶನಿವಾರ ನಾನು "ಇಲ್ಲಿಯವರ ರಕ್ತವೇ ಗಟ್ಟಿಯಾ" ಎಂದು ಬರೆದಿದ್ದೆ. ಆ ಸಾಲು ಅಳಿಸೋಣ ಅಂದುಕೊಂಡೆ, ಆಮೇಲೆ ಬೇಡ ಅನ್ನಿಸಿತು. ನನ್ನ ಹಾಗೆ ಯೋಚಿಸುವವರು ಬಂದು ಓದಲಿ.

ಅವನಿಗೂ ಎರಡು ವರ್ಷದ ಮಗ ಇದ್ದಾನೆ. ನಿನ್ನೆಯಿಂದ ಮೈ ಬಿಸಿ ಅಂದ. ನಾಳೆ ಅವನ ಶಿಫ್ಟ್ ನಾನು ನೋಡಿಕೊಳ್ಳುತ್ತೇನೆ, ಬೆಳಗ್ಗೆಯೇ ಕ್ಲಿನಿಕ್‌ಗೆ ಹೋಗು ಎಂದು ಹೇಳಿ ಕಳಿಸಿದ್ದೇನೆ.

ಸಿಸ್ಟರ್ ಉಡುಪಿ · 9:18

ನಾಳೆ ಬೇಡ. ಎರಡು ವರ್ಷದ ಮಗು, ನಿನ್ನೆಯಿಂದ ಜ್ವರ. ಈಗಲೇ ಹೋಗಲು ಹೇಳು. ಗಾಡಿ ಇದೆಯಾ?

ಕತ್ತಾಳೆ ಮೆಕ್ಯಾನಿಕ್ · 9:20

ತೋಟದ ಪಿಕಪ್ ಇದೆ. ಹೊರಟೆ.

ತುಂಗೆ ದಂಡೆ · 10:30

ಏನಾಯಿತು? ತಿಳಿಸಿ.

ಕತ್ತಾಳೆ ಮೆಕ್ಯಾನಿಕ್ · 11:47

ಎರಡು ಗೆರೆ ಬಂತು. ಅಂಗೈ ನೋಡಿದೆ ಅಕ್ಕಾ, ಕೆಂಪಗೇ ಇದೆ. ಮೊದಲ ಮಾತ್ರೆಯನ್ನು ನೀರಿನಲ್ಲಿ ಕರಗಿಸಿ ಕುಡಿಸಿದರು, ವಾಂತಿ ಮಾಡಲಿಲ್ಲ. ಮೂರು ದಿನಕ್ಕೆ ಆರು ಸಲ ಕೊಡಬೇಕು, ಎರಡನೆಯದು ಎಂಟು ಗಂಟೆ ಬಿಟ್ಟು. ಬೆಳಗ್ಗೆ ಏಳಕ್ಕೆ ಅಲಾರಂ ಇಟ್ಟಿದ್ದೇನೆ, ಅವನಿಗೆ ಫೋನ್ ಮಾಡಲು.